ಫಾಯಿಲ್ ದಪ್ಪವಿರಲಿಲ್ಲ

ಇಂಗಾಲದ ಫಾಯಿಲ್ ದಪ್ಪ ಮಾಡಿದ್ದಾಳೆ ಎಂದು ಹೇಳಿ ಶಾಂತಕುಮಾರಿಯನ್ನು ಪ್ರಯೋಗದ ಗುಂಪಿನಿಂದ ತೆಗೆದರು. ಆರು ವರ್ಷ ಅವಳು ಸಂಸ್ಥೆಯ ಉಪಕರಣಗಳ ಉಗ್ರಾಣ ನೋಡಿಕೊಂಡಳು. ನಿನ್ನೆ ಮಧ್ಯಾಹ್ನ ಅದೇ ಉಗ್ರಾಣದಲ್ಲಿ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ.

"ಹೆಸರಿನ ಕೆಳಗೆ ಏನ್ ಹಾಕ್ಲಿ ಮೇಡಂ?" ಶಿವಾಜಿನಗರದ ಫ್ಲೆಕ್ಸ್ ಅಂಗಡಿಯ ಕರೀಂ ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದ. ಪರದೆಯ ಮೇಲೆ ಶಾಂತಕುಮಾರಿಯ ಫೋಟೊ, ಸುತ್ತ ಅವನೇ ಕೂರಿಸಿದ ಗುಲಾಬಿ, ಮೂಲೆಯಲ್ಲಿ ಹಾರುವ ಪಾರಿವಾಳ. "ಸಮಾಜ ಸೇವಕಿ ಅಂತ ಹಾಕ್ಬಿಡ್ಲಾ? ಎಲ್ರಿಗೂ ಅದೇ. ಮೊನ್ನೆ ಒಬ್ಬ ಬಡ್ಡಿಯವನಿಗೂ ಅದನ್ನೇ ಹಾಕ್ಕೊಟ್ಟೆ."

"ಪಾರಿವಾಳ ತೆಗೀರಿ," ಎಂದಳು ಶಾಂತಕುಮಾರಿಯ ತಂಗಿ ಬೃಂದಾ. "ಭೌತವಿಜ್ಞಾನಿ ಅಂತ ಹಾಕಿ. ಕೆಳಗೆ ಇದನ್ನ ದಪ್ಪಕ್ಷರದಲ್ಲಿ: 'ಕಾದ ಪ್ಲಾಸ್ಮಾದಲ್ಲಿ ಅಯಾನು ಹೆಚ್ಚು ಶಕ್ತಿ ಕಳೆದುಕೊಳ್ಳುತ್ತದೆ. ಫಾಯಿಲ್ ದಪ್ಪವಿರಲಿಲ್ಲ.'"

ಕರೀಂ ಟೈಪು ಮಾಡಿದ, ಓದಿದ, ತಲೆ ಕೆರೆದುಕೊಂಡ. "ಇದು ಶ್ರದ್ಧಾಂಜಲೀನಾ, ಜಗಳಾನಾ?"

"ಎರಡೂ."

* * *

ಏಳು ವರ್ಷದ ಹಿಂದಿನ ಬೇಸಿಗೆ. ಹಲಸೂರಿನಲ್ಲಿ ಕರೆಂಟು ಹೋಗಿತ್ತು. ಸೆಕೆ ತಾಳಲಾರದೆ ಮನೆಯವರು, ಅಂಗಡಿಯವರು ಎಲ್ಲ ಬೀದಿಗಿಳಿದಿದ್ದರು. ಅಕ್ಕತಂಗಿಯರಿದ್ದ ಬಸ್ಸು ತೆವಳುತ್ತಿತ್ತು.

"ಇದೇ ನೋಡೇ ನನ್ನ ಕೆಲಸ," ಎಂದಳು ಶಾಂತಕುಮಾರಿ, ಕಿಟಕಿಯಾಚೆ ಕೈ ಮಾಡಿ. "ಕರೆಂಟ್ ಇದ್ದಾಗ ಇದೇ ಜನ ಒಳಗೆ ಕೂತಿರ್ತಾರೆ, ಬಸ್ಸು ಸರ್ರಂತ ಹೋಗುತ್ತೆ. ಸೆಕೆಗೆ ಹೊರಗೆ ಬಂದ್ರು ಅಂದ್ರೆ ಒಬ್ಬೊಬ್ಬರೂ ಅಡ್ಡ. ಜನ ಜಾಸ್ತಿಯಾಗಿಲ್ಲ. ಬಿಡುಗಡೆಯಾಗಿದ್ದಾರೆ."

"ಬಸ್ಸು ಯಾರು?"

"ಭಾರದ ಅಯಾನು, ಫಾಯಿಲ್ ತೂರಿ ಹೋಗೋ ವಿದ್ಯುತ್ ಕಣ. ಜನ ಅಂದ್ರೆ ಇಂಗಾಲದ ಎಲೆಕ್ಟ್ರಾನುಗಳು. ಲೇಸರ್ ಹೊಡೆದ್ರೆ ಇಂಗಾಲದ ಫಾಯಿಲ್ ಕಾದು ಪ್ಲಾಸ್ಮಾ ಆಗುತ್ತೆ. ಎಲೆಕ್ಟ್ರಾನೆಲ್ಲ ಬೀದಿಪಾಲು."

"ಪಾಠ ಆಮೇಲೆ ಮಾಡಿ ಮೇಡಂ, ಮೊದ್ಲು ಟಿಕೆಟ್ ತಗೊಳ್ಳಿ," ಎಂದ ಕಂಡಕ್ಟರು.

ಮರುವರ್ಷ ಅವಳು ಮಾಡಿದ ಫಾಯಿಲ್‌ಗಳು ಪ್ರಯೋಗಕ್ಕೆಂದು ಹೊರದೇಶಕ್ಕೆ ಹೋದವು. ಸೋಪು ಸವರಿದ ಗಾಜಿನ ಮೇಲೆ ಇಂಗಾಲದ ಪೊರೆ ಕೂರಿಸಿ, ಗಾಜನ್ನು ಮೆಲ್ಲಗೆ ನೀರಿಗಿಳಿಸಿ, ತೇಲಿದ ಪೊರೆಯನ್ನು ಉಸಿರು ಬಿಗಿಹಿಡಿದು ಚೌಕಟ್ಟಿಗೆ ಎತ್ತಿಕೊಂಡವಳು ಅವಳು. ವಿಮಾನ ಹತ್ತಿದವರು ಗುಂಪಿನ ಮುಖ್ಯಸ್ಥರಾದ ಡಾಕ್ಟರ್ ಕೃಷ್ಣಸ್ವಾಮಿ. ಅಲ್ಲಿ ಲೇಸರಿಗೆ ಕಾದ ಫಾಯಿಲ್ ತೂರಿದ ಅಯಾನುಗಳು ಅವರ ಲೆಕ್ಕಕ್ಕಿಂತ ಹೆಚ್ಚು ಬಸವಳಿದು ಹೊರಬಂದವು.

ವಾಪಸು ಬಂದ ಮೇಲಿನ ಸಭೆಯಲ್ಲಿ ಶಾಂತಕುಮಾರಿ ಎದ್ದು ನಿಂತು ಹೇಳಿದಳು: ನೀವು ತಣ್ಣಗಿನ ಇಂಗಾಲದ ಲೆಕ್ಕವನ್ನು ಕಾದ ಪ್ಲಾಸ್ಮಾಗೆ ಹಚ್ಚಿದ್ದೀರಿ.

"ಕೋಟಾದಲ್ಲಿ ಬಂದ ಕೈ ಅಲ್ವಾ, ಫಾಯಿಲ್ ದಪ್ಪ ಬಂದಿರುತ್ತೆ," ಎಂದರು ಕೃಷ್ಣಸ್ವಾಮಿ. ಸಭೆ ನಕ್ಕಿತು. ಎರಡು ವರ್ಷದ ಮೇಲೆ ಅವಳ ಮಾತೇ ಅವರ ಹೆಸರಿನಲ್ಲಿ ಅಚ್ಚಾಯಿತು. ಅವಳ ಕೈಯಲ್ಲಿ ಉಗ್ರಾಣದ ಬೀಗದಕೈ ಉಳಿಯಿತು.

* * *

ಜೋಗುಪಾಳ್ಯದ ಓಣಿಗೆ ಅಡ್ಡವಾಗಿ ಬ್ಯಾನರ್ ಕಟ್ಟಿಯಾಗಿತ್ತು, ಒಂದು ತುದಿ ಕಂಬಕ್ಕೆ, ಇನ್ನೊಂದು ಎದುರಿನ ನೂರ್ಜಹಾನ್ ಮನೆಯ ಮಹಡಿ ಕಂಬಿಗೆ. ಕೆಳಗೆ ಬೆಂಚಿನ ಮೇಲೆ ಶಾಂತಕುಮಾರಿ. ತಲೆದೆಸೆಯಲ್ಲಿ ಬುದ್ಧನ ಪಟ, ಮೇಣದ ಬತ್ತಿ. ಚಲುವಯ್ಯ ಕಾಗದದ ಉರಿಗೆ ತಮಟೆ ಹಿಡಿದು ಕಾಯಿಸುತ್ತಿದ್ದ.

"ಅದೇನೇ ಬೃಂದಾ, ಫಾಯಿಲ್ಲು? ಚಪಾತಿ ಸುತ್ತೋದಾ?" ಸೋದರತ್ತೆ ಬಾಲಮ್ಮ ಕಣ್ಣೊರೆಸಿಕೊಂಡು ಕೇಳಿದಳು.

"ಅದಕ್ಕಿಂತ ಎಷ್ಟೋ ತೆಳ್ಳಗೆ, ಅತ್ತೆ. ಉಸಿರು ತಾಗಿದ್ರೂ ಹರಿಯುತ್ತೆ."

"ದೋಸೆ ಮಾತ್ರ ಚಾಪೆ ಹಂಗೆ ಹುಯ್ಯೋಳಲ್ಲೇ, ಪಾಪಿ," ಎಂದು ಬಾಲಮ್ಮ ನಕ್ಕು, ನಗುತ್ತಲೇ ಬಿಕ್ಕಿದಳು.

ಕೃಷ್ಣಸ್ವಾಮಿ ಬಂದರು. ಹಿಂದೆ ಹೂವಿನ ಚಕ್ರ ಹಿಡಿದ ಕಚೇರಿಯ ನಾಲ್ವರು, ಅಟೆಂಡರ್ ಸಾಯಬಣ್ಣ. ಬ್ಯಾನರನ್ನು ಓದಿದರು. ಬೂಟು ಬಿಚ್ಚುವುದು ಬಿಟ್ಟು ಬೃಂದಾಳನ್ನು ಪಕ್ಕಕ್ಕೆ ಕರೆದರು.

"ನೋಡಮ್ಮ, ಇನ್ನೇನು ಡೈರೆಕ್ಟರ್ ಬರ್ತಾರೆ. ಆ ಲಾಸ್ಟ್ ಲೈನ್ ಚೆನ್ನಾಗಿರಲ್ಲ. ಅದನ್ನ ಇಳಿಸಿಬಿಡಿ. ಹೊಸ ಲ್ಯಾಬ್‌ನಲ್ಲಿ ಮೇಡಂ ಫೋಟೊ ನಾನೇ ನಿಂತು ಹಾಕಿಸ್ತೀನಿ."

"ಕೆಳಗೆ ಏನಂತ ಬರೀತೀರಿ ಸಾರ್?"

"ಏನೋ... ಡೆಡಿಕೇಟೆಡ್ ಸ್ಟಾಫ್ ಅಂತ."

"ಆ ಲೈನಿಗೋಸ್ಕರಾನೇ ನಾನು ಬ್ಯಾನರ್ ಮಾಡಿಸಿದ್ದು."

ಅವರು ಅವಳನ್ನು ಬಿಟ್ಟು ಅಪ್ಪನ ಹತ್ತಿರ ಹೋದರು. ಅಪ್ಪ ದೊಡ್ಡಮುನಿಯಪ್ಪ ಫ್ಯಾಕ್ಟರಿಯಲ್ಲಿ ಜೀವಮಾನವೆಲ್ಲ ಮೇಲಿನವರಿಗೆ 'ಹ್ಞೂಂ ಸಾರ್' ಎಂದೇ ಬಾಳಿದವನು. 'ದೊಡ್ಡೋರಿಗೆ ಎದುರಾಡ್ಬೇಡ ಮಗ' ಎಂದು ಶಾಂತಕುಮಾರಿಗೂ ಹೇಳಿ ಹೇಳಿ ಸೋತವನು. ಫೋಟೊ ಎಂಬ ಮಾತಿಗೆ ಅವನ ಮುಖ ಅರಳಿದ್ದನ್ನು ಬೃಂದಾ ದೂರದಿಂದಲೇ ಕಂಡಳು.

"ಫೋಟೊ ಹಾಕ್ತಾರಂತೆ ಬೃಂದಾ," ಎಂದ ಅಪ್ಪ. "ಆ ಗೋಡೆ ಮೇಲೆ ಇರ್ತಾಳೆ. ಈ ಬ್ಯಾನರ್ರು ನಾಕು ದಿನಕ್ಕೆ ಹರಿದೋಗುತ್ತೆ ಕಣಮ್ಮ."

"ಸುಳ್ಳಿನ ಜೊತೆ ಇರ್ತಾಳಪ್ಪ."

ಕೃಷ್ಣಸ್ವಾಮಿ ಸನ್ನೆ ಮಾಡಿದರು. ಸಾಯಬಣ್ಣ ನೂರ್ಜಹಾನ್ ಹಿತ್ತಲಿನ ಬಿದಿರೇಣಿ ತಂದು ಕಂಬಕ್ಕೆ ಆನಿಸಿ, ನಾಲ್ಕು ಮೆಟ್ಟಲು ಏರಿ ನಿಂತು, ಅಪ್ಪನ ಮುಖ ನೋಡಿದ.

"ಸಾರ್, ಒಂದ್ ಮಾತು," ಎಂದ ಅಪ್ಪ. "ಫಾಯಿಲ್ ದಪ್ಪ ಇತ್ತಾ?"

"ಅದೆಲ್ಲ ಟೆಕ್ನಿಕಲ್ ವಿಷಯ ಯಜಮಾನ್ರೇ."

"ನಂಗೆ ಟೆಕ್ನಿಕಲ್ ತಿಳಿಯಲ್ಲ. ಇತ್ತೋ, ಇರ್ಲಿಲ್ವೋ?"

ಚಲುವಯ್ಯ ತಮಟೆಯನ್ನು ಉರಿಯಿಂದ ಆಚೆ ತೆಗೆದ. ಕೃಷ್ಣಸ್ವಾಮಿ ಕಚೇರಿಯವರತ್ತ ನೋಡಿದರು. ಆ ನಾಲ್ವರೂ ಹೂವಿನ ಚಕ್ರ ನೋಡುತ್ತಿದ್ದರು.

"ಇರ್ಲಿಲ್ಲ," ಎಂದರು ಕೃಷ್ಣಸ್ವಾಮಿ ತಗ್ಗಿದ ದನಿಯಲ್ಲಿ. "ಆದರೆ ಅದನ್ನ ಎತ್ತಾಡೋ ದಿನ ಅಲ್ಲ ಇದು. ನೀವು ಹಿರಿಯರು. ಬಿಚ್ಚು ಅಂತ ಅವನಿಗೆ ಒಂದ್ ಮಾತು ಹೇಳಿ, ಮುಗಿದೋಗುತ್ತೆ."

"ಹೇಳಲ್ಲ ಸಾರ್," ಎಂದ ದೊಡ್ಡಮುನಿಯಪ್ಪ. "ಸಾಯಬಣ್ಣ, ಇಳಿಯಪ್ಪ ಕೆಳಗೆ."

ಸಾಯಬಣ್ಣ ಇಳಿದ. ಮುದುಕ ಏಣಿಯನ್ನು ಕಂಬದಿಂದ ಕಿತ್ತು, ಹೆಗಲಿಗೇರಿಸಿ, ಓಣಿಗೆ ಅಡ್ಡವಾಗಿ ಹೊತ್ತು ನೂರ್ಜಹಾನ್ ಹಿತ್ತಲ ಕಡೆ ನಡೆದ. ಕಚೇರಿಯವರು ಹೂವಿನ ಚಕ್ರವನ್ನು ಎದೆಗವಚಿಕೊಂಡು ಒಬ್ಬೊಬ್ಬರಾಗಿ ಗೋಡೆಗೆ ಒತ್ತಿ ನಿಂತರು.