ಬಿಸಿಯೇರುವ ಗಾಡಿ

ಇಂಜಿನ್ ತಣಿಸುವ ಫ್ಯಾನು ತಿರುಗಿಯೇಬಿಟ್ಟಿತು. ಜಮೀರನಿಗೆ ಅಳು ಬಂದಂತಾಯಿತು. ಬೇರೆ ಯಾರಾದರೂ ಆಗಿದ್ದರೆ ಗಾಡಿ ಸರಿಯಿದೆಯೆಂದು ಖುಷಿಪಡುತ್ತಿದ್ದರು. ಅವನಿಗೆ ಬೇಕಾಗಿದ್ದದ್ದು ಅದು ಕೆಡುವುದು, ಪೀರಪ್ಪನ ಕಣ್ಣೆದುರು ಒಂದು ಸಲವಾದರೂ ಕೆಡುವುದು.

“ನೋಡ್ರಿ ಜಮೀರ ಭಾಯ್, ಕಾವಿನ ಮುಳ್ಳು ಅರ್ಧ ದಾಟಿತು, ಫ್ಯಾನ್ ಚಾಲೂ ಆತು. ಇದ್ರಾಗ ನಾ ಏನಂತ ರಿಪೇರಿ ಮಾಡ್ಲಿ?” ಎಂದ ಪೀರಪ್ಪ ಕೈ ಒರೆಸಿಕೊಳ್ಳುತ್ತ.

ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ ಅವನ ಗ್ಯಾರೇಜು. ಫ್ಯೂಸು ನೋಡಿದ್ದ, ರಿಲೇ ಬದಲಿಸಿದ್ದ, ಇಂಜಿನ್ನಿನ ಶಾಖ ತಿಳಿಸುವ ಸೆನ್ಸರನ್ನೂ ಹೊಸದು ಹಾಕಿದ್ದ. ಗಾಡಿಯೂ ಸಾಮಾನ್ಯದ್ದಲ್ಲ. ಗ್ಯಾರೇಜಿನ ಬಾಗಿಲಿಗೆ ಬಂದ ಕೂಡಲೇ ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ಸಂಭಾವಿತವಾಗಿಬಿಡುತ್ತಿತ್ತು. ಊರ ರಸ್ತೆಗೆ ಇಳಿದರೆ ಮನಸ್ಸು ಬಂದ ದಿನ ಕುದಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ.

ಮೊದಮೊದಲು ಅದು ಬರೀ ಕಿರಿಕಿರಿಯಾಗಿತ್ತು. ಜಮೀರ ಮಾದನಹಿಪ್ಪರಗಾದಿಂದ ಆಳಂದಕ್ಕೆ ಬಾಡಿಗೆ ಹೊಡೆಯುವವನು. ಗಾಡಿ ಬಿಸಿಯೇರಿದರೆ ಬದಿಗೆ ನಿಲ್ಲಿಸಿ, ಪ್ಯಾಸೆಂಜರುಗಳಿಂದ ಬೈಸಿಕೊಂಡು, ತಣಿದ ಮೇಲೆ ಹೊರಡುತ್ತಿದ್ದ. ಕಳೆದ ಸುಗ್ಗಿಯಲ್ಲಿ ತೊಗರಿ ಕೊಯ್ಯಲು ಹೋಗಿದ್ದ ಅವನ ಹೆಂಡತಿ ಗುಲಫಶಾಳಿಗೆ ಹಾವು ಕಚ್ಚಿತು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಳಂದದ ದವಾಖಾನೆಗೆ ಓಡಿಸಿದ. ಅರ್ಧ ದಾರಿಯಲ್ಲಿ ಗಾಡಿ ಕುದ್ದು ನಿಂತಿತು. ಇನ್ನೊಂದು ಗಾಡಿ ಸಿಗುವ ಹೊತ್ತಿಗೆ ಅವಳ ಮಾತು ನಿಂತಿತ್ತು, ದವಾಖಾನೆ ಮುಟ್ಟುವಷ್ಟರಲ್ಲಿ ಉಸಿರೂ ನಿಂತಿತ್ತು.

ಅಂದಿನಿಂದ ನಾಲ್ಕು ವರ್ಷದ ಮಗಳು ಕೈನಾತ ಹಿರೋಳ್ಳಿಯಲ್ಲಿ ಅಜ್ಜಿಯ ಬಳಿ. ಅತ್ತೆ ಕರೀಮುನ್ನಿಸಾ ಅಳಿಯನನ್ನು ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಮಗಳಿಲ್ಲದ ಮನೆಯಲ್ಲಿ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಹೋದ ವಾರ ಮಾತ್ರ ಮುದುಕಿ ತಾನೇ ಬಾಗಿಲಿಗೆ ಬಂದು ಹೇಳಿದ್ದಳು: “ಮಿಸ್ತ್ರಿ ಬಲ್ಲಿ ಪಕ್ಕಾ ಕೇಳ್ಕೊಂಡು ಬಾ. ನಿನ್ನ ಕೈಯಾಗ ಇಲ್ಲದ್ದು ಏನರ ಕೆಟ್ಟಿದ್ರ ಅಲ್ಲಾನ ಮರ್ಜಿ ಅಂತೇನಿ, ಕೂಸಿನ್ನ ಕರ್ಕೊಂಡು ಹೋಗು. ನೀ ನೋಡದ ಬಿಟ್ಟು ನನ್ನ ಮಗಳು ಹೋಗಿದ್ರ, ಕೂಸು ಇಲ್ಲೇ ಇರ್ತದ. ನನ್ನ ಮುಂದ ಸುಳ್ಳೊಂದು ಹೇಳಬ್ಯಾಡ.”

ಅದಕ್ಕೇ ಜಮೀರ ಇವತ್ತು ಗ್ಯಾರೇಜು ಬಿಟ್ಟು ಕದಲಲಿಲ್ಲ.

“ಇಲ್ಲಿ ನಿಂತ್ರ ಇದು ಕೆಡಂಗಿಲ್ಲ ಮಿಸ್ತ್ರಿ. ನೀವು ನನ್ನ ಸಂಗಟ ಬರ್ರಿ. ಅದೇ ದಾರ್ಯಾಗ ಹೋಗಮ್ರಿ.”

ಪೀರಪ್ಪ ಅವನ ಮುಖ ನೋಡಿದ. ಕೈಯಲ್ಲಿದ್ದ ಕೆಲಸ ಬಿಟ್ಟು, ಸ್ಕ್ರೂಡ್ರೈವರು ಜೇಬಿಗೆ ಸೇರಿಸಿ ಬಂದು ಕುಳಿತ.

ಊರು ದಾಟಿದ ಮೇಲೆ ರಸ್ತೆ ಎದ್ದುಬಿದ್ದು ಕುಲುಕಾಡಿಸತೊಡಗಿತು. ಇಬ್ಬರೂ ಮುಳ್ಳನ್ನೇ ನೋಡುತ್ತಿದ್ದರು. ಗುಲಫಶಾಳನ್ನು ಇಳಿಸಿ ಜಾಲಿಮರದ ನೆರಳಿಗೆ ಒಯ್ದಿದ್ದ ಜಾಗ ಬಂದಾಗ ಜಮೀರ ಮುಖ ಇನ್ನೊಂದು ಕಡೆ ತಿರುಗಿಸಿದ. ಅಲ್ಲಿಂದ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಮುಳ್ಳು ಅರ್ಧ ದಾಟಿತು. ಮತ್ತೂ ಏರಿತು.

“ನಿಲ್ಲಸ್ರಿ! ಇಂಜಿನ್ ಬಂದ್ ಮಾಡಬ್ಯಾಡ್ರಿ!” ಪೀರಪ್ಪ ಜಿಗಿದು ಬಾನೆಟ್ ಎತ್ತಿದ. ಫ್ಯಾನು ಸುಮ್ಮನೆ ನಿಂತಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟರಿಗೆ ತಟ್ಟಿದ, ಏನೂ ಆಗಲಿಲ್ಲ. ಮೋಟರಿಗೆ ಹೋಗುವ ವಯರುಗಳನ್ನು ಮೆಲ್ಲಗೆ ಎತ್ತಿದ ಕೂಡಲೇ ಫ್ಯಾನು ಗುಂಯ್ ಎಂದಿತು. ಬಿಟ್ಟರೆ ನಿಂತಿತು. ಎತ್ತಿದರೆ ಮತ್ತೆ ತಿರುಗಿತು.

“ಸಿಕ್ಕಿತು! ಪ್ಲಗ್ಗಿನ್ಯಾಗಿಂದ ವಯರ್ ಜಾರ್ಯಾದ. ನಿಂತಲ್ಲಿ ತಾಗತದ, ಕುಲುಕಿದ್ರ ಬಿಡ್ತದ. ಏನೋ ಜಗ್ಗಿ ಹಿಡದದ ಇದಕ್ಕ…” ಅವನು ಬಗ್ಗಿ ವಯರಿನ ಕೆಳಗೆ ಬೆರಳಾಡಿಸಿದ. “ಅಯ್ಯ, ನಾ ಇದಕ್ಕ ಟೇಪ್ ಅಂತ ತಿಳ್ಕೊಂಡಿದ್ದೆ. ಅರಿವಿ ಅದ ನೋಡ್ರಿ. ವಯರ್ ಹಿಡದು ಕಬ್ಬಿಣದ ಪಟ್ಟಿಗಿ ಬಿಗಿದು ಕಟ್ಯಾರ. ಯಾರ್ರಿ ಇಂಥಾ ಶಾಣ್ಯಾ?”

ಎಣ್ಣೆ, ಧೂಳು ಕುಡಿದು ಕಪ್ಪಾಗಿದ್ದ ಬಟ್ಟೆಯನ್ನು ಪೀರಪ್ಪ ಉಗುರಿನಿಂದ ಕೆರೆದಾಗ ಒಳಗಿನ ಹಸಿರು ಕಂಡಿತು. ಜಮೀರ ಗಾಡಿಗೆ ಒರಗಿ ನಿಂತ.

ಈ ಗಾಡಿ ಕೊಂಡುತಂದ ದಿನ ಕರೀಮುನ್ನಿಸಾ ದರ್ಗಾಕ್ಕೆ ಹೋಗಿ, ಗೋರಿಯ ಹಸಿರು ಚಾದರದಿಂದ ಹರಿದುಕೊಟ್ಟ ಪಟ್ಟಿ ತಂದಿದ್ದಳು. ಹೊರಗೆ ಕಟ್ಟಿದರೆ ಗಾಳಿಗೆ ಹಾರೀತು, ಒಳಗೇ ಇರಲಿ ಎಂದಳು. ಬಾನೆಟ್ ಎತ್ತಿ ಹಿಡಿದವನು ಜಮೀರನೇ. ಅವಳು ಕೈಗೆ ಸಿಕ್ಕಿದ್ದಕ್ಕೆ ಸುತ್ತಿ, ಗಂಟಿನ ಮೇಲೆ ಗಂಟು ಬಿಗಿದು, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಜಗ್ಗಿದ್ದಳು. “ಈಗ ನನ್ನ ಮಗಳಿಗಿ ದಾರ್ಯಾಗ ಏನೂ ಆಗಂಗಿಲ್ಲ” ಅಂದಿದ್ದಳು. ಮೊಣಕೈವರೆಗೆ ಮಸಿಯಾದ ತಾಯಿಯ ಕೈ ನೋಡಿ ಗುಲಫಶಾ ಬಿದ್ದುಬಿದ್ದು ನಕ್ಕಿದ್ದಳು.

ಇದನ್ನೂ ಅತ್ತೆ ಹಾಕಿದ ಷರತ್ತನ್ನೂ ಜಮೀರ ಹೇಳಿದ ಮೇಲೆ ಪೀರಪ್ಪ ಗಂಟಿಗೆ ಕೈ ಹಾಕಿದ. ಅದು ಬಿಚ್ಚಲು ಬರಲಿಲ್ಲ; ಬ್ಲೇಡಿನಿಂದ ಕೊಯ್ಯಬೇಕಾಯಿತು. ವಯರು ಒತ್ತಿ ಕೂರಿಸಿದ ಮೇಲೆ ಫ್ಯಾನು ಕುಲುಕಿದರೂ ನಿಲ್ಲಲಿಲ್ಲ.

“ನಾ ಬಂದು ಹೇಳ್ತೇನ್ರಿ ಅವರಿಗಿ. ನಿಮ್ಮ ತಪ್ಪು ಇಲ್ಲಂತ ಖುದ್ದು ಹೇಳ್ತೇನಿ.”

“ಬ್ಯಾಡ್ರಿ ಮಿಸ್ತ್ರಿ,” ಎಂದ ಜಮೀರ. “ನಿಮಗ ಕೈ ಮುಗಿತೇನಿ, ಬ್ಯಾಡ.”

ಪೀರಪ್ಪನನ್ನು ಆಳಂದದಲ್ಲಿ ಇಳಿಸಿ ಹಿರೋಳ್ಳಿಗೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ವಯರು ಸಡಿಲಾಗಿತ್ತು, ಯಾರಿಗೂ ಕಾಣುವಂತಿರಲಿಲ್ಲ. ಅಷ್ಟೇ ಹೇಳಿದರೆ ಸಾಕು. ಸುಳ್ಳೂ ಅಲ್ಲ, ಯಾರಿಗೂ ನೋವೂ ಇಲ್ಲ, ಮಗಳೂ ಸಿಗುತ್ತಾಳೆ.

ಕೈನಾತ ತಲೆ ಬಾಚಿಸಿಕೊಂಡು, ಹೊಸ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಅವಳ ಬಟ್ಟೆಯ ಚೀಲ. ಮುದುಕಿಯೂ ಒಳ್ಳೆಯ ಸುದ್ದಿಗೇ ಕಾದಿದ್ದಾಳೆಂದು ಜಮೀರನಿಗೆ ತಿಳಿಯಿತು.

“ಏನಂದ ಮಿಸ್ತ್ರಿ?”

“ಒಂದು ವಯರ್ ಸಡಲಾಗಿತ್ತು ಅಮ್ಮಿ. ಯಾರಿಗೂ ಕಾಣ್ತಿದ್ದಿಲ್ಲ.”

“ತಾನಾ ಹೆಂಗ ಸಡಲಾತು?”

“ಹಳೀ ಗಾಡಿ… ಆಗ್ತದ.”

“ಎಲ್ಲಿದು ವಯರ್?”

“ಮುಂದ, ಫ್ಯಾನಿನ ಬಲ್ಲಿ.”

ಕರೀಮುನ್ನಿಸಾಳ ಬಲಗೈ ಬೆರಳುಗಳು ಗಾಳಿಯಲ್ಲಿ ಏನನ್ನೋ ಸುತ್ತಿದವು. “ಮುಂದಂದ್ರ… ನಾ ಅಂದು ಅರಿವಿ ಕಟ್ಟಿದೆನಲ್ಲ ಬೇಟಾ, ಅಲ್ಲೇನು?” ಅವಳ ಮುಖದ ಬಣ್ಣ ಇಳಿಯುವುದನ್ನು ಜಮೀರ ನಿಂತು ನೋಡಲಾರದೆ ಹೋದ. ಮಗಳನ್ನು ಮಣ್ಣಿಗೆ ಕೊಟ್ಟವಳು ಇದೊಂದನ್ನು ಹೊತ್ತು ಬದುಕಲಾರಳು.

“ಅಲ್ಲಲ್ಲ. ಅದು ಬ್ಯಾರೆ ಕಡಿ ಅದ,” ಎಂದ ಅವಸರವಾಗಿ. “ಖರೇ ಹೇಳ್ಲೇನು ಅಮ್ಮಿ? ವಯರ್ ಸಡಲ ಅದ, ಮಾಡಸಂತ ಮಿಸ್ತ್ರಿ ಮೊದಲೇ ಹೇಳಿದ್ದ. ನಾನೇ ನಾಳಿ ನಾಡಿದ್ದು ಅನ್ಕೋತ ಬಿಟ್ಟೆ. ನಾ ನೋಡಿದ್ರ ಆಕಿ ಉಳೀತಿದ್ಳು.”

ಮುದುಕಿಯ ಕೈ ನಿಂತಿತು. ಮುಖಕ್ಕೆ ಮತ್ತೆ ರಕ್ತ ಬಂತು, ಅದರ ಹಿಂದೆಯೇ ಹಳೆಯ ಸಿಟ್ಟೂ ಬಂತು.

“ಖರೇ ಹೇಳಿದಿಯಲ್ಲ, ಅಷ್ಟರ ಮಾಡಿದಿ. ಹೋಗಿನ್ನ.”

ಆಮೇಲೆ ಮೊಮ್ಮಗಳ ಎದುರು ಕುಕ್ಕರಗಾಲಲ್ಲಿ ಕುಳಿತು ಚಪ್ಪಲಿಯ ಬಕ್ಕಲು ಬಿಚ್ಚತೊಡಗಿದಳು. ಕೈನಾತ ಅಪ್ಪನನ್ನು ನೋಡಿ ನಗುತ್ತ, ತಾನಾಗಿಯೇ ಇನ್ನೊಂದು ಕಾಲನ್ನೂ ಮುಂದೆ ಚಾಚಿದಳು.