ಎಡಗಡೆ ಬಾಗಿಲು

"ಎಲ್ಲಾ ಸರಿ, ಈ ಬಾಗಿಲು ಯಾಕೆ ಹಸಿರು?" ಎಂದ ಅಣ್ಣ.

ಚಿನ್ನಿ ತಲೆ ಎತ್ತಲಿಲ್ಲ. ಸಣ್ಣ ಕುಂಚದ ತುದಿಯನ್ನು ಬೆಳ್ಳಿ ಬಣ್ಣದಲ್ಲಿ ಅದ್ದಿ, ಗೇಣುದ್ದದ ಕಾರಿನ ಬಾಗಿಲ ಹಿಡಿಕೆಗೆ ಮುಟ್ಟಿಸುತ್ತಿದ್ದಳು. ಆ ಹಿಡಿಕೆ ಅಕ್ಕಿಕಾಳಿಗಿಂತ ದೊಡ್ಡದಿರಲಿಲ್ಲ. ಜೋರಾಗಿ ಉಸಿರು ಬಿಟ್ಟರೂ ಕೈ ಅಲುಗುವ ಕೆಲಸ, ಇನ್ನು ಮಾತಾಡುವುದೆಲ್ಲಿ ಬಂತು. ಹಿಡಿಕೆ ಮುಗಿಸಿ, ಕುಂಚ ಒರೆಸಿ, ಕನ್ನಡಕವನ್ನು ಹಣೆಯ ಮೇಲೆ ತಳ್ಳಿದ ಮೇಲೆಯೇ ಅವಳು ಬಾಯಿ ಬಿಟ್ಟದ್ದು.

"ಹಸಿರೇ ಇತ್ತಲ್ಲ ಅಣ್ಣ."

"ಇತ್ತು. ಈಗ ಬೇಡ."

ಚಿನ್ನಿ ಅಂದರೆ ಚಿಕ್ಕ ಹುಡುಗಿಯೇನಲ್ಲ. ಐವತ್ತರ ಹತ್ತಿರ ಬಂದಿದ್ದಳು. ಮನೆಯಲ್ಲಿ ಕೊನೆಯವಳಾಗಿ ಹುಟ್ಟಿದ ತಪ್ಪಿಗೆ ಆ ಹೆಸರು ಅಂಟಿಕೊಂಡಿತ್ತು, ಬಿಡಿಸಿಕೊಳ್ಳಲು ಆಗಿರಲಿಲ್ಲ. ಹಗಲು ಹಲ್ಲಿನ ಲ್ಯಾಬಿನಲ್ಲಿ ಕಂಡವರ ಬಾಯಿಗೆ ಹಲ್ಲು ಕಟ್ಟುವ ಕೆಲಸ. ಸಂಜೆ ಮನೆಗೆ ಬಂದರೆ ಕಿಟಕಿ ಪಕ್ಕದ ಮೇಜಿನ ಮೇಲೆ ಪ್ಲಾಸ್ಟಿಕ್ ಕಾರು ಕಟ್ಟುವ ಹುಚ್ಚು. ಪೆಟ್ಟಿಗೆಯಲ್ಲಿ ಬರುವ ಬಿಡಿ ಭಾಗಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ನಿಲ್ಲಿಸುತ್ತಿದ್ದಳು. ಪೆಟ್ಟಿಗೆಯ ಮೇಲಿನ ಚಿತ್ರದ ಹಾಗೆ ಥಳಥಳ ಹೊಳೆದರೆ ಅವಳಿಗೆ ಸಮಾಧಾನವಿಲ್ಲ. ರಸ್ತೆಯಲ್ಲಿ ಓಡಿ ಬಂದ ಗಾಡಿಯ ಹಾಗೆ ಬಂಪರ್ ಸೊಟ್ಟಗಾಗಿರಬೇಕು, ಚಕ್ರದ ಮೇಲೆ ಕೆಸರು ಒಣಗಿರಬೇಕು. ಮದುವೆ ಆಗು ಅಂದರೆ ಕಾರು ಕಟ್ಟುತ್ತಾಳೆ ಎಂದು ನಗುತ್ತಿದ್ದ ನೆಂಟರು, ಅವಳ ತಲೆ ನರೆತ ಮೇಲೆ ಮದುವೆಯ ಮಾತು ಬಿಟ್ಟಿದ್ದರು. ಇದೆಲ್ಲ ಮಕ್ಕಳಾಟ ಅನ್ನುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಆ ಮಕ್ಕಳಾಟವೇ ಈಗ ಅಣ್ಣನಿಗೆ ಬೇಕಾಗಿತ್ತು. ಅಪ್ಪ ಹಾಕಿದ ಗ್ಯಾರೇಜು, ಅವರು ತೀರಿದ ಮೇಲೆ ಅಣ್ಣನ ಕೈಯಲ್ಲಿ ಬೆಳೆದು ದೊಡ್ಡದಾಗಿ, ಮುಂದುಗಡೆ ಗಾಜಿನ ಗೋಡೆಯ ಶೋರೂಮ್ ಎದ್ದಿತ್ತು. ಅದರ ಬಾಗಿಲ ಹತ್ತಿರ ಒಂದು ಗಾಜಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ದೀಪ, ದೀಪದ ಕೆಳಗೆ ಮನೆಯ ಮೊದಲ ಗಾಡಿ ನಿಲ್ಲಬೇಕು ಎಂದು ಅವನ ಆಸೆ. ನಿಜವಾದ ಗಾಡಿ ಗುಜರಿ ಸೇರಿ ಕಾಲವಾಗಿತ್ತು. "ನಿನ್ನ ಕೈಯಲ್ಲಿ ಕಲೆ ಇದೆ ಚಿನ್ನಿ" ಎಂದು ಅಣ್ಣ ಜೀವಮಾನದಲ್ಲಿ ಮೊದಲ ಸಲ ಹೇಳಿದ್ದ.

ಚಿನ್ನಿ ಹುಡುಕಿ ಹುಡುಕಿ ಅದೇ ಜಾತಿಯ ಕಾರಿನ ಪೆಟ್ಟಿಗೆ ತರಿಸಿದಳು. ಮೈಗೆಲ್ಲ ಕೆನೆ ಬಣ್ಣ ಹಚ್ಚಿದಳು. ತಂತಿ ಬಗ್ಗಿಸಿ ಚಾವಣಿಯ ಕ್ಯಾರಿಯರ್ ಮಾಡಿದಳು. ಕಾದ ಚಮಚ ಒತ್ತಿ ಹಿಂದಿನ ಬಂಪರನ್ನು ಸೊಟ್ಟ ಮಾಡಿದಳು. ಓಡಿಸುವವರ ಸೀಟನ್ನು ಒಂದಿಷ್ಟು ಮುಂದಕ್ಕೆ ಅಂಟಿಸಿ, ಅದರ ಮೇಲೆ ಅಂಟಿನಲ್ಲಿ ನೆನೆಸಿದ ಕಾಗದದಿಂದ ಉಗುರಿನಷ್ಟು ದಿಂಬು ಮಾಡಿ ಇಟ್ಟಳು. ಅಮ್ಮ ಕುಳ್ಳಗೆ. ಆ ದಿಂಬಿಲ್ಲದೆ ಅವಳಿಗೆ ಮುಂದಿನ ರಸ್ತೆ ಕಾಣುತ್ತಿರಲಿಲ್ಲ. ಗ್ಯಾರೇಜಿಗೆ ಬಿಡಿ ಭಾಗ ತರುವುದು, ಗಿರಾಕಿಗಳನ್ನು ಮನೆ ಮುಟ್ಟಿಸುವುದು, ಮಕ್ಕಳನ್ನು ಶಾಲೆಗೆ ಬಿಡುವುದು ಎಲ್ಲ ಆಗ ಅಮ್ಮನ ಕೆಲಸ. ಅಪ್ಪನ ಗಾಡಿ ಎಂದು ಹೆಸರು, ಓಡಿಸಿದವಳು ಅಮ್ಮ. ಮೇಲೆ ಚಾವಣಿ ಅಂಟಿಸಿದರೆ ಆ ದಿಂಬು ಯಾರಿಗೂ ಕಾಣುವುದಿಲ್ಲ ಎಂದು ಚಿನ್ನಿಗೆ ಗೊತ್ತಿತ್ತು. ಗೊತ್ತಿದ್ದೂ ಇಟ್ಟಳು.

"ಬರೋರೆಲ್ಲ ಆ ಬಾಗಿಲು ನೋಡಿ ಏನಾಯ್ತು ಅಂತ ಕೇಳ್ತಾರೆ ಕಣೇ," ಎಂದ ಅಣ್ಣ. "ನಾನೇನು ಹೇಳ್ಲಿ?"

"ಯಾವಾಗ್ಲೂ ಹೇಳೋದನ್ನೇ ಹೇಳು."

"ಅಮ್ಮ ಸ್ಟಿಯರಿಂಗ್ ಹಿಡಿದ್ರೆ ಗೋಡೆನೇ ಪಕ್ಕಕ್ಕೆ ಸರೀಬೇಕು ಅಂತಾನಾ?" ಅಣ್ಣ ಅಭ್ಯಾಸಬಲದಿಂದ ನಕ್ಕ. ಅಡುಗೆಮನೆಯ ಬಾಗಿಲಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದ ಅಮ್ಮ ನಗಲೂ ಇಲ್ಲ, ಸಿಡುಕಲೂ ಇಲ್ಲ. ಆ ತಮಾಷೆ ನೆಂಟರಿಷ್ಟರ ನಡುವೆ ಎಷ್ಟು ಸಲ ಉರುಳಿತ್ತೆಂದರೆ, ಅದರ ಹಲ್ಲೆಲ್ಲ ಸವೆದುಹೋಗಿದೆ ಎಂದೇ ಎಲ್ಲರೂ ತಿಳಿದಿದ್ದರು. ಚಿನ್ನಿಗೆ ಮಾತ್ರ ಅದು ಪ್ರತಿ ಸಲವೂ ಕಚ್ಚುತ್ತಿತ್ತು. ಯಾಕೆಂದರೆ ಆವತ್ತು ಹಿಂದಿನ ಸೀಟಿನಲ್ಲಿ ಅವಳಿದ್ದಳು.

ಸ್ಟಿಯರಿಂಗ್ ಹಿಡಿದಿದ್ದವನು ಅಣ್ಣ. ಆಗಿನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು, ಲೈಸೆನ್ಸ್ ಇರಲಿಲ್ಲ. ಕಾಡಿ ಬೇಡಿ ಅಮ್ಮನನ್ನು ಎಡಗಡೆ ಸೀಟಿಗೆ ಸರಿಸಿ ಕೂತಿದ್ದ. ಗಿರಣಿಯ ತಿರುವಿನಲ್ಲಿ ಗೇಟಿನ ಕಲ್ಲುಕಂಬ ಎಡಬಾಗಿಲನ್ನು ಒಳಕ್ಕೆ ಒತ್ತಿಕೊಂಡು ಬಂತು, ಅಮ್ಮನ ಎಡಮೊಣಕೈ ಮುರಿಯಿತು. ಲೈಸೆನ್ಸ್ ಇಲ್ಲದೆ ಗಾಡಿ ಮುಟ್ಟಿದರೆ ಗ್ಯಾರೇಜಿನ ಹೊಸ್ತಿಲು ತುಳಿಸುವುದಿಲ್ಲ ಎಂದು ಅಪ್ಪ ಮಗನಿಗೆ ಹೇಳಿದ್ದರು. ಅಪ್ಪ ಹೇಳಿದ್ದನ್ನು ಮಾಡುವ ಮನುಷ್ಯ. ಜನ ಓಡಿಬರುವಷ್ಟರಲ್ಲಿ ಅಮ್ಮ ಆ ಕೈ ಹಿಡಿದುಕೊಂಡೇ ಮಗನನ್ನು ಈಚೆಗೆ ತಳ್ಳಿ ತಾನು ಬಲಗಡೆ ಕೂತಳು. ಹಿಂದಕ್ಕೆ ತಿರುಗಿ, "ನೀನೇನೂ ನೋಡಿಲ್ಲ" ಎಂದು ಚಿನ್ನಿಗೆ ಹೇಳಿದಳು. ಅಂದಿನಿಂದ ಚಿನ್ನಿ ಏನೂ ನೋಡಿರಲಿಲ್ಲ. ಗಾಡಿ ರಿಪೇರಿಯಲ್ಲೇ ಅನ್ನ ಕಂಡ ಮನೆ ಅದು. ಎಡಬಾಗಿಲು ಜಜ್ಜಿಹೋದರೆ ಬಲಗಡೆ ಕೂತವಳ ಎಡಮೊಣಕೈ ಹೇಗೆ ಮುರಿಯಿತು ಎಂದು ಒಬ್ಬ ಮಹಾನುಭಾವನೂ ಕೇಳಲಿಲ್ಲ.

ಅಪ್ಪ ಗುಜರಿಯಿಂದ ಒಂದು ಹಸಿರು ಬಾಗಿಲು ತಂದು ಹಾಕಿದರು. ಬಣ್ಣ ಹೊಡೆಸಲಿಲ್ಲ. "ದಿನಾ ಕಣ್ಣಿಗೆ ಬೀಳ್ಲಿ, ಬುದ್ಧಿ ಬರುತ್ತೆ" ಎಂದು ಗಾಡಿಯ ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಅಮ್ಮ ಮತ್ತೆ ಓಡಿಸಲಿಲ್ಲ. ಮುಂದೆ ಚಿನ್ನಿ ಕಲಿಯುತ್ತೇನೆ ಎಂದಾಗಲೂ, "ಈ ಮನೇಲಿ ಒಬ್ಬಳು ಓಡಿಸಿದ್ದು ಸಾಕು" ಎಂಬ ಉತ್ತರ ಬಂತು.

"ಬಾಗಿಲು ಕೆನೆ ಬಣ್ಣ ಮಾಡ್ತೀಯೋ ಇಲ್ವೋ?" ಎಂದ ಅಣ್ಣ.

"ಮಾಡಲ್ಲ."

"ಅಮ್ಮಾ, ನೀನಾದ್ರೂ ಹೇಳು ಇವಳಿಗೆ."

"ಕಟ್ಟಿದವಳು ಅವಳು," ಎಂದಳು ಅಮ್ಮ, ಬಟಾಣಿಯ ಮೇಲಿನಿಂದ ಕಣ್ಣು ತೆಗೆಯದೆ.

ಅಣ್ಣ ಕೆಟ್ಟವನಲ್ಲ. ಅಮ್ಮನ ಔಷಧಿ, ಆಸ್ಪತ್ರೆ ಯಾವುದಕ್ಕೂ ಕಡಿಮೆ ಮಾಡಿದವನಲ್ಲ. ಆದರೆ ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ನಾಲ್ಕು ಜನರ ಎದುರು ಆ ಬಾಗಿಲು ನಿಂತರೆ ಮತ್ತೆ ಸುಳ್ಳು ಹೇಳಬೇಕು, ಅದೂ ಅಮ್ಮ ಪಕ್ಕದಲ್ಲೇ ಇರುವಾಗ. ಅದಕ್ಕೆ ಅವನೊಂದು ಉಪಾಯ ಮಾಡಿದ. ಶೋರೂಮಿನ ಉದ್ಘಾಟನೆಯ ಹಿಂದಿನ ದಿನ, ಚಿನ್ನಿ ಲ್ಯಾಬಿಗೆ ಹೋದ ಹೊತ್ತು ನೋಡಿ ಮನೆಗೆ ಬಂದು, ಗಾಜಿನ ಪೆಟ್ಟಿಗೆಗೆ ಅಳತೆ ನೋಡಬೇಕು ಎಂದು ಅಮ್ಮನ ಹತ್ತಿರ ಹೇಳಿ ಕಾರನ್ನು ತೆಗೆದುಕೊಂಡು ಹೋದ.

ಚಿನ್ನಿ ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವನೇ ಮತ್ತೆ ಬಂದ. ಜೊತೆಗೆ ಗ್ಯಾರೇಜಿನ ಪೇಂಟರ್ ಮೇಸ್ತ್ರಿ. ಮೇಸ್ತ್ರಿಯ ಕೈಯಲ್ಲಿ ರಟ್ಟಿನ ಡಬ್ಬ, ಮುಖ ನೆಲದ ಕಡೆ.

ಡಬ್ಬದಲ್ಲಿ ಕಾರಿತ್ತು. ಎಡಬಾಗಿಲು ಕೆನೆ ಬಣ್ಣಕ್ಕೆ ತಿರುಗಿತ್ತು ನಿಜ. ಆದರೆ ಬಾಗಿಲು ಬಾಗಿಲಾಗಿ ಉಳಿದಿರಲಿಲ್ಲ. ಮೈ ಸುಕ್ಕುಗಟ್ಟಿ, ನಡುವೆ ಒಳಕ್ಕೆ ಕುಸಿದಿತ್ತು. ಬಿರುಕುಬಿಟ್ಟ ಕೆನೆ ಬಣ್ಣದ ಸಂದುಗಳಲ್ಲಿ ಹಸಿರು ಗೆರೆಗಳು ಇಣುಕುತ್ತಿದ್ದವು.

"ಅಕ್ಕಾವ್ರೆ, ತಗಡಿನ ಮೇಲೆ ಹೊಡೆದ ಹಾಗೇ ಹೊಡೆದೆ," ಎಂದ ಮೇಸ್ತ್ರಿ. "ನೋಡ್ತಾ ನೋಡ್ತಾ ಸುಟ್ಟ ಹಪ್ಪಳದ ಥರ ಎದ್ಬಿಡ್ತು. ನನ್ನ ಸರ್ವೀಸಲ್ಲೇ ಹಿಂಗಾಗಿಲ್ಲ."

"ತಗಡಲ್ವಲ್ಲ ಮೇಸ್ತ್ರಿ. ಗಾಡಿ ಬಣ್ಣದ ಥಿನ್ನರ್ ಈ ಪ್ಲಾಸ್ಟಿಕ್ಕನ್ನ ತಿಂದುಹಾಕುತ್ತೆ. ನೀವೇನ್ ಮಾಡ್ತೀರ, ನಂಗೂ ಮೊದಲನೇ ಕಾರು ಹೀಗೇ ಕೆಟ್ಟಿತ್ತು." ಮೇಸ್ತ್ರಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಗಣೇಶನ ಮಾಡಲು ಹೋಗಿ ಅವರಪ್ಪನ ಮಾಡಿದವನು ಮೇಸ್ತ್ರಿ, ಮಾಡು ಎಂದವನು ಬೇರೆ. ಅವಳು ಅಣ್ಣನ ಕಡೆ ತಿರುಗಿದಳು. ಸಿಟ್ಟಿಗೆ ಅವಳ ಕಿವಿ ಬಿಸಿಯಾಗಿತ್ತು.

"ಆಗಿದ್ದು ಆಯ್ತು," ಎಂದ ಅಣ್ಣ. "ನಾಳೆ ಬೆಳಗ್ಗೆ ಜನ ಬರ್ತಾರೆ. ಉಜ್ಜಿ, ಏನಾದ್ರೂ ಮೆತ್ತಿ ಸರಿಮಾಡು. ನಿಂಗಾಗಲ್ವಾ?"

"ಆಗುತ್ತೆ."

"ಮತ್ತೆ?"

"ಮಾಡಲ್ಲ."

"ಹಟ ಮಾಡಬೇಡ ಚಿನ್ನಿ."

"ನಾನು ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ ಅಣ್ಣ. ಅಮ್ಮ ಹೇಳಿದ್ಲು, ಮುಚ್ಕೊಂಡೆ. ಕೈಯಿಂದ್ಲೂ ಸುಳ್ಳು ಹೇಳು ಅಂದ್ರೆ ಆಗಲ್ಲ."

ಮೇಸ್ತ್ರಿ ನಿಂತಲ್ಲಿ ನಿಲ್ಲಲಾರದೆ, ನೀರು ಕುಡಿಯುವ ನೆವ ಮಾಡಿ ಹೊರಗೆ ಹೋದ. ಅಮ್ಮ ಗೋಡೆ ಹಿಡಿದುಕೊಂಡು ಎದ್ದು ಬಂದಳು. ಡಬ್ಬದಿಂದ ಕಾರನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದಳು. ಪೂರ್ತಿ ನೆಟ್ಟಗಾಗದ ಎಡಗೈಯಲ್ಲಿ ಅದನ್ನು ಆನಿಸಿಕೊಂಡು ಬಲಗೈ ಬೆರಳನ್ನು ಬಾಗಿಲಿನ ಸುಕ್ಕುಗಳ ಮೇಲೆ ಆಡಿಸಿದಳು. ಬಹಳ ಹೊತ್ತು ಆಡಿಸಿದಳು.

"ಹೀಗೇ ಆಗಿತ್ತು," ಎಂದಳು. "ಹಿಡಿಕೆ ಹತ್ರ ಹೀಗೇ ಒಳಕ್ಕೆ ಬಂದಿತ್ತು."

ಅಣ್ಣ ಕುರ್ಚಿಯ ಬೆನ್ನು ಹಿಡಿದುಕೊಂಡ. "ಅಮ್ಮಾ, ಹಳೇದನ್ನೆಲ್ಲ ಈಗ ಯಾಕೆ ಕೆದಕ್ತೀಯ?"

"ನಾನೆಲ್ಲಿ ಕೆದಕಿದೆ? ಬಣ್ಣ ಬಳಿದು ಹೊರಗೆ ತೆಗೆದವನು ನೀನು."

ಹೊರಗೆ ಮೇಸ್ತ್ರಿ ನಲ್ಲಿ ನಿಲ್ಲಿಸಿದ ಸದ್ದು ಕೇಳಿತು. ಹಾಗಿದ್ದರೆ ಇಡುವುದೇ ಬೇಡ ಎಂದ ಅಣ್ಣ. ಖಾಲಿ ಪೆಟ್ಟಿಗೆಯೊಳಗೆ ದೀಪ ಉರಿಸಿಕೋ ಎಂದಳು ಚಿನ್ನಿ. 'ಅಪ್ಪನ ಮೊದಲ ಗಾಡಿ' ಎಂದು ಹಿತ್ತಾಳೆ ಫಲಕ ಆಗಲೇ ಕೂತಾಗಿತ್ತು, ಬರುವವರಿಗೆಲ್ಲ ಹೇಳಿಯೂ ಆಗಿತ್ತು. ಅಣ್ಣ ಅಮ್ಮನ ಕೈಯಿಂದ ಕಾರನ್ನು ತೆಗೆದು ಡಬ್ಬಕ್ಕಿಟ್ಟು, ಅದನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ. ಅವನ ತಲೆಯಲ್ಲಿ ಇನ್ನೊಂದು ಉಪಾಯ ಹುಟ್ಟಿದ್ದು ಅವನ ನಡಿಗೆಯಲ್ಲೇ ಚಿನ್ನಿಗೆ ಕಂಡಿತು.

ಉಪಾಯ ಏನೆಂದು ಮರುದಿನ ಶೋರೂಮಿನ ಒಳಗೆ ಕಾಲಿಟ್ಟಾಗ ತಿಳಿಯಿತು. ಅಣ್ಣ ಗಾಜಿನ ಪೆಟ್ಟಿಗೆಯನ್ನು ಗೋಡೆಗೆ ಒತ್ತರಿಸಿದ್ದ. ಕಾರಿನ ಬಲಮಗ್ಗುಲು ಜನರ ಕಡೆಗೆ, ಎಡಮಗ್ಗುಲು ಗೋಡೆಯ ಕಡೆಗೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅವನು ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕುತ್ತಿದ್ದ.

ರಿಬ್ಬನ್ ಕತ್ತರಿಸಿದ್ದಾಯಿತು, ಚಹಾ ಬಂತು. ನಡುವೆ ಮಾರಾಟದ ಒಂದು ಕೆಂಪು ಕಾರು ನಿಂತಿತ್ತು. ಅದರ ಸುತ್ತ ಜನ ಲೋಟ ಹಿಡಿದು ಹರಟುತ್ತಿದ್ದರು. ಚಿನ್ನಿ ತನ್ನ ಲೋಟವನ್ನು ಕಿಟಕಿಕಟ್ಟೆಯ ಮೇಲಿಟ್ಟು, ಪೆಟ್ಟಿಗೆಯ ಹತ್ತಿರ ಹೋಗಿ ಗಾಜು ಸರಿಸಿದಳು. ಕದ್ದುಮುಚ್ಚಿ ಅಲ್ಲ, ಎಲ್ಲರೂ ನೋಡುವ ಹಾಗೆ. ಎರಡೂ ಕೈಯಿಂದ ಕಾರನ್ನು ಎತ್ತಿ, ತಿರುಗಿಸಿ, ಎಡಮಗ್ಗುಲು ಈಚೆಗೆ ಬರುವಂತೆ ಇಟ್ಟಳು. ದೀಪದ ಬೆಳಕು ನೇರವಾಗಿ ಸುಕ್ಕಿನ ಮೇಲೆ ಬಿತ್ತು.

ಗ್ಯಾರೇಜಿನ ಹಳೆಯ ಗಿರಾಕಿ, ನಿವೃತ್ತ ಮೇಷ್ಟ್ರು, ಬಗ್ಗಿ ನೋಡಿದರು. "ಎಷ್ಟು ಚೆನ್ನಾಗಿ ಮಾಡಿದೀಯಮ್ಮ, ಅದೇ ಗಾಡಿ. ಆ ಬಾಗಿಲು ಏನಾಗಿತ್ತು, ನಂಗೆ ಮರೆತೇಹೋಯ್ತು."

ಅಣ್ಣ ದಾಪುಗಾಲು ಹಾಕಿಕೊಂಡು ಬಂದ. ಬಾಯಿಗೆ ಅಭ್ಯಾಸವಾದದ್ದೇ ಬಂತು. "ಗೊತ್ತಲ್ಲ ಮೇಷ್ಟ್ರೆ, ನಮ್ಮಮ್ಮ ಸ್ಟಿಯರಿಂಗ್ ಹಿಡಿದ್ರೆ..."

"ಆವತ್ತು ಸ್ಟಿಯರಿಂಗ್ ನನ್ನ ಕೈಲಿರ್ಲಿಲ್ಲ ಮೇಷ್ಟ್ರೆ," ಎಂದಳು ಅಮ್ಮ.

ಅವಳು ಹಿಂದಿನ ಕುರ್ಚಿಯಿಂದ ಎದ್ದು ಬಂದದ್ದನ್ನು ಯಾರೂ ಗಮನಿಸಿರಲಿಲ್ಲ. ದನಿ ಎತ್ತರಿಸಿರಲಿಲ್ಲ. ಸೆರಗು ಸರಿಸಿ ಎಡಗೈಯನ್ನು ಮುಂದೆ ಚಾಚಿದಳು. ಅದು ಎಂದಿನಂತೆ ಅರ್ಧಕ್ಕೆ ನಿಂತಿತು. "ನಾನು ಈ ಬಾಗಿಲ ಪಕ್ಕ ಕೂತಿದ್ದೆ. ಓಡಿಸ್ತಿದ್ದವನು ನಿಮ್ಮ ಪಕ್ಕದಲ್ಲಿದಾನೆ, ಅವನನ್ನೇ ಕೇಳಿ."

ಮೇಷ್ಟ್ರು ಕೈಯನ್ನು ನೋಡಿದರು, ಬಾಗಿಲನ್ನು ನೋಡಿದರು, ಆಮೇಲೆ ಅಣ್ಣನನ್ನು ನೋಡಿದರು. ಅಣ್ಣನ ಮುಖ ಕೆಂಪಾಯಿತು. ಕೈಯಲ್ಲಿದ್ದ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗೈಯಲ್ಲೇ ತಿರುಗಿಸಿದ.

"ಹೌದು," ಎಂದ ಕೊನೆಗೆ. "ನಾನೇ."

ಅಮ್ಮ ಅದನ್ನು ಕೇಳಲು ನಿಂತಿರಲಿಲ್ಲ. ಕೆಂಪು ಕಾರಿನ ಬಲಗಡೆ ಬಾಗಿಲು ತೆಗೆದು, ಒಂದು ಕಾಲು ಒಳಗಿಟ್ಟು, ಮೆಲ್ಲಗೆ ಕೂತಳು. ಸೀಟಿನ ಕೆಳಗೆ ಕೈ ಹಾಕಿ ತಡಕಾಡಿದಳು. ಸೀಟು ಸರ್ರನೆ ಮುಂದಕ್ಕೆ ಬಂತು. ಆದರೂ ಅವಳ ತಲೆ ಸ್ಟಿಯರಿಂಗಿಗಿಂತ ಹೆಚ್ಚೇನೂ ಮೇಲೆ ಬರಲಿಲ್ಲ.

"ಚಿನ್ನಿ, ಒಂದು ದಿಂಬು ಕೊಡೇ."

ಚಿನ್ನಿ ಸೋಫಾದ ಕಡೆ ತಿರುಗುವಷ್ಟರಲ್ಲಿ ಅಣ್ಣ ದಿಂಬು ಹಿಡಿದು ಕಾರಿನ ಬಾಗಿಲಲ್ಲಿ ನಿಂತಿದ್ದ. ಅಮ್ಮ ಅವನ ಮುಖ ನೋಡದೆಯೇ ಅದನ್ನು ಇಸಿದುಕೊಂಡು, ಕೆಳಗೆ ಹಾಕಿ ಕೂತು, ಬಾಗಿಲು ಎಳೆದುಕೊಂಡಳು. ಕನ್ನಡಿ ಸರಿಮಾಡಿದಳು. ಎಡಗೈ ಗೇರಿನ ಮೇಲೆ ಬಾಗಿಯೇ ಕೂತಿತು, ಬಲಗೈ ಸ್ಟಿಯರಿಂಗಿನ ನಡುವೆ ಹೋಯಿತು.

ಹಾರನ್ ಮೊಳಗಿತು. ಲೋಟ ಹಿಡಿದು ಗಾಡಿಯ ಮುಂದೆ ನಿಂತಿದ್ದವರೆಲ್ಲ ಬೆಚ್ಚಿ ತಿರುಗಿದರು. ಅಮ್ಮ ಮತ್ತೊಮ್ಮೆ, ಈ ಸಲ ಉದ್ದಕ್ಕೆ, ಒತ್ತಿದಳು. ಜನ ಪಕ್ಕಕ್ಕೆ ಸರಿದರು.