ಓನರಮ್ಮನ ಗೋಡೆಯ ಐದು ವೈರು

ಟೈಲರಕ್ಕನ ತಲೆಯಲ್ಲಿ ಮೂವತ್ತು ವರ್ಷದ ಕಸುಬು ತುಂಬಿತ್ತು, ಆದರೆ ಕೈಯೇ ಕೈ ಕೊಟ್ಟಿತ್ತು. ಕತ್ತರಿ ಹಿಡಿದರೆ ಬೆರಳು ನಡುಗಿ, ಗೆರೆ ಒಂದು ಕಡೆ, ಕತ್ತರಿ ಇನ್ನೊಂದು ಕಡೆ. ಹೋದ ವರ್ಷ ಅಂಗಡಿ ಮುಚ್ಚಿದಳು. ಹೊಲಿಯಲಾಗದಿದ್ದರೆ ಕಲಿಸಲಾದರೂ ಆಗಬೇಕು ಅಂತ ಈಗ ಹೊಲಿಗೆ ತರಗತಿಗೆ ಕೈಹಾಕಿದ್ದಳು. ಇದೂ ಕೆಟ್ಟರೆ ಕಸುಬಿಗೆ ಎಳ್ಳುನೀರು ಬಿಟ್ಟಂತೆಯೇ ಅಂತ ಅವಳಿಗೆ ಗೊತ್ತಿತ್ತು.

ಕೈ ಇನ್ನೂ ಅಷ್ಟಿಷ್ಟು ಮಾತು ಕೇಳುತ್ತಿದ್ದಾಗ ತಮ್ಮ ಅವಳ ಪಾಠಗಳನ್ನೆಲ್ಲ ವಿಡಿಯೋ ಮಾಡಿಟ್ಟಿದ್ದ. ಅದನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸುತ್ತ ಪಕ್ಕದಲ್ಲಿ ನಿಂತು ವಿವರಿಸುವುದು ಅವಳ ಯೋಚನೆ. ಬಟ್ಟೆಯ ಮೇಲೆ ಕೆಂಪು ಗೆರೆ ಇದ್ದರೆ ಕತ್ತರಿಸು, ಹಸಿರು ಗೆರೆ ಇದ್ದರೆ ಹೊಲಿ. ಅವಳ ಹತ್ತಿರ ಕಲಿತವರೆಲ್ಲ ಹೀಗೇ ಕಲಿತದ್ದು. ನಾಳೆ ಬೆಳಿಗ್ಗೆ ಹತ್ತಕ್ಕೆ ಮೊದಲ ತರಗತಿ. ಹೆಸರು ಬರೆಸಿದವರು ಹನ್ನೊಂದು ಹೆಂಗಸರು, ಒಬ್ಬ ಸೋಫಾ ರಿಪೇರಿಯವನು. ಅವನು ಬಾಗಿಲಲ್ಲೇ ನಿಂತು, "ಬಣ್ಣ ನೋಡೋ ಕೆಲಸ ಜಾಸ್ತಿ ಇರುತ್ತಾ?" ಅಂತ ಕೇಳಿದ್ದ. ಟೈಲರಕ್ಕ ನಕ್ಕು, "ಹೊಲಿಗೆ ಅಂದ್ಮೇಲೆ ಬಣ್ಣ ಇಲ್ದೆ ಆಗುತ್ತಾ?" ಅಂದಿದ್ದಳು. ಅವನು ನಗಲಿಲ್ಲ.

ತರಗತಿಗೆ ಬಾಡಿಗೆಗೆ ಸಿಕ್ಕ ಜಾಗ ಓನರಮ್ಮನ ಕೆಳಮನೆಯ ಹಜಾರ. ಓನರಮ್ಮನ ಕಾನೂನು ಮೂರು: ಗೋಡೆಗೆ ಮೊಳೆ ಹೊಡೆಯಬಾರದು, ನೆಲದ ಮೇಲೆ ವೈರು ಎಳೆಯಬಾರದು, ಕುರ್ಚಿ ಎಳೆದು ನೆಲಕ್ಕೆ ಗೀರು ಬೀಳಿಸಬಾರದು. ಅವರ ಕಣ್ಣು ತಪ್ಪಿಸಿ ಇರುವೆಯೂ ಗೀರು ಹಾಕುವಂತಿರಲಿಲ್ಲ.

"ಗೋಡೆ ಒಳಗೆ ನಮ್ಮನೆಯವರೇ ಹಾಕಿದ ವೈರಿದೆ," ಅಂದರು ಓನರಮ್ಮ. "ಭಾನುವಾರ ಸ್ನೇಹಿತರನ್ನ ಕೂರಿಸಿ ಸಿನಿಮಾ ತೋರಿಸ್ತಿದ್ರು. ಅವರು ಹೋಗಿ ಎಂಟು ವರ್ಷ ಆಯ್ತು. ಅದನ್ನೇ ಬಳಸ್ಕೊಳ್ಳಿ."

ತಮ್ಮ ಟಿವಿ ರಿಪೇರಿಯವನು. ಎಲ್ಲೋ ಆಫೀಸಿನಲ್ಲಿ ಸೇವೆ ಮುಗಿಸಿದ ಪ್ರೊಜೆಕ್ಟರನ್ನು ತಂದು ಹಿಂದಿನ ಗೋಡೆಯ ಹಲಗೆ ಮೇಲೆ ಕೂರಿಸಿದ. ಅಲ್ಲಿ ಗೋಡೆಯಿಂದ ಐದು ವೈರು ಹೊರಗೆ ಇಣುಕುತ್ತಿದ್ದವು; ಚಿತ್ರದ ಕೆಂಪು, ಹಸಿರು, ನೀಲಿ ಬೇರೆ ಬೇರೆ ವೈರಿನಲ್ಲಿ ಹೋಗುವ ಹಳೇ ಏರ್ಪಾಡು. ಅವುಗಳ ಇನ್ನೊಂದು ತುದಿ ಮುಂದಿನ ಗೋಡೆಯ ಬುಡದಲ್ಲಿ. ಎರಡೂ ಕಡೆ ಕೆಂಪು, ಹಸಿರು, ನೀಲಿ, ಕಪ್ಪು, ಬಿಳಿ ಟೇಪು ಸುತ್ತಿತ್ತು. ಟೇಪಿನ ಬಣ್ಣಕ್ಕೆ ಬಣ್ಣ ಜೋಡಿಸಿ, ಮುಂದಿನ ತುದಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಪರದೆಯ ಸರಳಿಗೆ ಬಿಳಿ ದುಪ್ಪಟಿ ಇಳಿಬಿಟ್ಟು, ತಮ್ಮ ಗುಂಡಿ ಒತ್ತಿದ.

ಚಿತ್ರ ಮೂಡಿತು. ಟೈಲರಕ್ಕನ ಎದೆ ಉಬ್ಬಿತು, ಅಷ್ಟೇ ಬೇಗ ಇಳಿಯಿತು. ದುಪ್ಪಟಿಯ ಮೇಲಿದ್ದ ಅವಳ ಕೈ ಪಾಚಿ ಹಿಡಿದ ಹಾಗೆ ಹಸಿರಾಗಿತ್ತು. ಕೆಂಪು ಗೆರೆ ಹಸಿರಾಗಿ, ಹಸಿರು ಗೆರೆ ಕೆಂಪಾಗಿ ಕೂತಿದ್ದವು.

"ಇದನ್ನ ನೋಡಿ ಕಲಿತ್ರೆ ಹೊಲಿಯೋ ಕಡೆ ಕತ್ತರಿಸ್ತಾರೆ ಕಣೋ," ಅಂದಳು.

"ಪ್ರೊಜೆಕ್ಟರೇ ಸರಿ ಇಲ್ಲಕ್ಕ," ಅಂದ ತಮ್ಮ. ಕುಣಿಯಲಾರದವನಿಗೆ ನೆಲ ಡೊಂಕು. ಒಂದು ಗಂಟೆ ಅದರ ಗುಂಡಿಗಳನ್ನೆಲ್ಲ ಒತ್ತಿ ನೋಡಿ, ಕೊನೆಗೆ ಪ್ರೊಜೆಕ್ಟರನ್ನು ಲ್ಯಾಪ್‌ಟಾಪಿನ ಪಕ್ಕಕ್ಕೇ ತಂದು ನೇರವಾಗಿ ಜೋಡಿಸಿದ. ಬಣ್ಣ ಸರಿಯಾಗಿ ಬಂತು. ಅಂದರೆ ತಪ್ಪು ಗೋಡೆಯೊಳಗೇ ಇತ್ತು.

"ನಮ್ಮನೆಯವರು ಮಾಡಿದ ಕೆಲಸದಲ್ಲಿ ತಪ್ಪಿರಲ್ಲ," ಅಂದರು ಓನರಮ್ಮ. ಅವರ ಮುಖ ಬಿಗಿದುಕೊಂಡಿತು. ಈ ಮಾತು ಬೆಳೆದರೆ ಹಜಾರವೂ ಕೈತಪ್ಪುತ್ತದೆ ಅಂತ ಟೈಲರಕ್ಕನಿಗೆ ಹೆದರಿಕೆಯಾಯಿತು. ಏನೂ ತೋಚದೆ ಮುಂದಿನ ಗೋಡೆಯ ಬುಡದಲ್ಲಿ ಕೂತಳು. ಆಗ ಅವಳ ಕಣ್ಣಿಗೆ ದಾರ ಬಿತ್ತು. ವೈರಿಗಲ್ಲ, ದಾರಕ್ಕೆ ಪಳಗಿದ ಕಣ್ಣು ಅದು. ಒಂದೊಂದು ವೈರಿನ ಕೊರಳಿಗೂ ಗುಂಡಿ ಹೊಲಿಯುವ ದಪ್ಪ ದಾರದ ತುಂಡು ಕಟ್ಟಿತ್ತು, ಅದರಲ್ಲಿ ಗಂಟುಗಳಿದ್ದವು.

"ಇಲ್ಲಿ ಕೆಂಪು ಟೇಪಿನದಕ್ಕೆ ಒಂದು ಗಂಟು. ಅಲ್ಲಿ ಒಂದು ಗಂಟು ಯಾವುದಕ್ಕಿದೆ ನೋಡೋ."

ತಮ್ಮ ಸ್ಟೂಲು ಹತ್ತಿದ. "ಹಸಿರು ಟೇಪಿನದಕ್ಕೆ. ಕೆಂಪಿನದಕ್ಕೆ ಎರಡು ಗಂಟಿದೆ."

ಮುಂದಿನ ತುದಿಯಲ್ಲಿ ಎರಡು ಗಂಟಿದ್ದದ್ದು ಹಸಿರು ಟೇಪಿಗೆ. ಒಂದು ತುದಿಯಲ್ಲಿ ಕೆಂಪು ಹಸಿರು ಟೇಪು ಅದಲುಬದಲಾಗಿತ್ತು.

"ಅಮ್ಮ, ಅವರ ಕೆಲಸ ಸರಿಯಾಗೇ ಇದೆ," ಅಂದಳು ಟೈಲರಕ್ಕ. "ಗಂಟು ನೋಡಿ ಜೋಡಿಸ್ಬೇಕಿತ್ತು, ನಾವು ಟೇಪು ನಂಬಿದ್ವಿ."

ಓನರಮ್ಮ ಬಗ್ಗಿ ದಾರ ಮುಟ್ಟಿ ನೋಡಿದರು. ಹಾಗೇ ನೆಲದ ಮೇಲೆ ಕೂತುಬಿಟ್ಟರು.

"ನನ್ನ ದಾರದ ಉಂಡೆ ಇದು. ಎಲ್ಲಿ ಹೋಯ್ತು ಅಂತ ಒಂದು ವಾರ ಜಗಳ ಆಡಿದ್ದೆ." ಗಂಟಿನ ಮೇಲೆ ಬೆರಳಾಡಿಸುತ್ತ ಮುಂದುವರಿಸಿದರು. "ಅವರಿಗೆ ಕೆಂಪು ಹಸಿರು ಎರಡೂ ಒಂದೇ ಥರ ಕಾಣ್ತಿತ್ತು ಕಣಮ್ಮ. ಹಣ್ಣು ಟೊಮೆಟೊ ತನ್ನಿ ಅಂದ್ರೆ ಕಾಯಿ ತರೋರು. ಅವರು ಬಾಯಿ ಬಿಟ್ಟು ಹೇಳ್ಲಿಲ್ಲ, ನಾನೂ ಗೊತ್ತಾಯ್ತು ಅಂತ ತೋರಿಸ್ಕೊಳ್ಲಿಲ್ಲ. ಬಟ್ಟೆ ನಾನೇ ಜೋಡಿಸಿ ಮಂಚದ ಮೇಲೆ ಇಡ್ತಿದ್ದೆ. ಈ ಟೇಪು ಸುತ್ತಿ ಅಂದಿದ್ದೂ ನಾನೇ, ಅವರ ಕಣ್ಣಿನ ವಿಷಯ ನೆನಪಿಲ್ದೆ. ಆಗಲೂ ಹೇಳ್ದೆ ಸುತ್ತಿ, ತಮ್ಮ ಗುರುತಿಗೆ ಗಂಟು ಹಾಕ್ಕೊಂಡಿದ್ದಾರೆ ನೋಡು."

ಅವರಿಗೆ ನಗುವೂ ಬಂತು, ಅಳುವೂ ಬಂತು. ಟೈಲರಕ್ಕ ಅವರ ಕೈ ಹಿಡಿದಳು. ಗಂಟಿಗೆ ಗಂಟು ಸೇರಿಸಿದ ಮೇಲೆ ದುಪ್ಪಟಿಯ ಮೇಲೆ ಎಲ್ಲ ಬಣ್ಣವೂ ತನ್ನ ತನ್ನ ಜಾಗಕ್ಕೆ ಬಂತು.

ತಮ್ಮ ಸಾಮಾನು ಕಟ್ಟತೊಡಗಿದ. ಟೈಲರಕ್ಕನಿಗೆ ಮಾತ್ರ ಸಮಾಧಾನವಿರಲಿಲ್ಲ. ಬಾಗಿಲಲ್ಲಿ ನಿಂತು ಬಣ್ಣದ ಬಗ್ಗೆ ಕೇಳಿದ ಸೋಫಾದವನ ಮುಖ ಕಣ್ಣಮುಂದೆ ಬಂತು. ಆವತ್ತು ನಕ್ಕದ್ದಕ್ಕೆ ನಾಚಿಕೆಯಾಯಿತು.

"ಮೊಬೈಲ್ ತೆಗಿಯೋ," ಅಂದಳು. "ಮೊದಲ ಪಾಠ ಇನ್ನೊಂದು ಸಲ ಮಾಡೋಣ. ಅಮ್ಮ, ನನ್ನ ಕೈಲಿ ಗೆರೆ ನೆಟ್ಟಗೆ ಬರಲ್ಲ. ನೀವು ಎಳೀತೀರಾ?"

"ನಾನಾ?" ಅಂದರು ಓನರಮ್ಮ. ಅನ್ನುತ್ತಲೇ ಸೆರಗು ಸಿಕ್ಕಿಸಿಕೊಂಡು ಸೀಮೆಸುಣ್ಣಕ್ಕೆ ಕೈ ಚಾಚಿದ್ದರು.

ಮರುದಿನ ಹತ್ತಕ್ಕೆ ಹನ್ನೆರಡು ಕುರ್ಚಿಯೂ ತುಂಬಿದವು. ಸೋಫಾದವನು ಎಲ್ಲರಿಗಿಂತ ಹಿಂದೆ, ಬಾಗಿಲ ಪಕ್ಕ, ಎದ್ದು ಹೋಗಲು ಅನುಕೂಲವಾಗುವಂತೆ ಕೂತಿದ್ದ. ದುಪ್ಪಟಿಯ ಮೇಲೆ ಓನರಮ್ಮನ ಸುಕ್ಕುಗಟ್ಟಿದ ಕೈ ಬಾಗಿಲಿಗಿಂತ ದೊಡ್ಡದಾಗಿ ಮೂಡಿ, ಒಂದು ಬಟ್ಟೆ ಚೀಲದ ಗೆರೆಗಳನ್ನು ಎಳೆಯಿತು. ಪ್ರತಿ ಗೆರೆಯ ಮೇಲೂ ಪುಟ್ಟ ಪುಟ್ಟ ಅಡ್ಡಗೀಟುಗಳಿದ್ದವು.

"ಬಣ್ಣ ನೋಡ್ಬೇಡಿ," ಅಂದಳು ಟೈಲರಕ್ಕ. ಕೈ ನಡುಗುತ್ತಿತ್ತು, ದನಿ ನಡುಗಲಿಲ್ಲ. "ಒಂದು ಗೀಟಿದ್ರೆ ಕತ್ತರಿ, ಎರಡಿದ್ರೆ ಸೂಜಿ. ನನ್ನ ತರಗತಿಯಲ್ಲಿ ಇನ್ಮುಂದೆ ಇಷ್ಟೇ ಲೆಕ್ಕ."

ಹಿಂದಿನ ಸಾಲಿನಲ್ಲಿ ಸೋಫಾದವನು ಎದ್ದ. ಹೊರಟೇಬಿಟ್ಟ ಅಂದುಕೊಂಡಳು. ಅವನು ಕುರ್ಚಿಯನ್ನು ಬಾಗಿಲಿಂದ ಮುಂದಿನ ಸಾಲಿನವರೆಗೂ ಕರ್ರೋ ಅಂತ ಎಳೆದು ತಂದು, ಪರದೆಯ ಎದುರಿಗೇ ಹಾಕಿಕೊಂಡು ಕೂತ. ಓನರಮ್ಮ ನೆಲದ ಮೇಲಿನ ಗೀರು ನೋಡಿದರು, ಅದನ್ನು ದಾಟಿ ಬಂದು ಅವನ ಕೈಗೊಂದು ಸೀಮೆಸುಣ್ಣ ಕೊಟ್ಟರು.